ನಡುಗಂಟೆ

ನಮ್ಮೂರಿನಲ್ಲಿ ಹಸಿವಿಗೆ ಗಂಟೆ ಬೇಕಾಗಿಲ್ಲ. ಅದು ಎಲ್ಲರಿಗೂ ತಾನಾಗಿಯೇ ಆಗುತ್ತದೆ, ಕೆಲವರಿಗಂತೂ ಉಂಡ ಕೈ ಒಣಗುವ ಮೊದಲೇ ಆಗುತ್ತದೆ. ಗಂಟೆ ಬೇಕಾಗಿರುವುದು ಮಿಕ್ಕ ಮೂರಕ್ಕೆ. ಬೆವರುವುದಕ್ಕೆ ಬೆವರ್ಗಂಟೆ, ಬಾಯಾರುವುದಕ್ಕೆ ನೀರ್ಗಂಟೆ, ಮೈ ನಡುಗಿ ಬೆಚ್ಚಗಾಗುವುದಕ್ಕೆ ನಡುಗಂಟೆ. ಮೂರರ ಹಗ್ಗಗಳೂ ಗಂಟೆಮನೆಯ ಮೇಲಂತಸ್ತಿನಲ್ಲಿ ಇಳಿಬಿದ್ದಿವೆ. ಅವನ್ನು ಎಳೆಯುವವಳು ನಾನು. ನನ್ನ ಹೆಸರು ಚಿಕ್ಕತಾಯಿ, ಆದರೆ ಊರಿನವರ ಬಾಯಲ್ಲಿ ನಾನು ಹಗ್ಗದಕ್ಕ.

ಬಾಯಲ್ಲಿ ಅಂದೆನಲ್ಲ, ಆ ಬಾಯಿಗಳನ್ನು ನಾನು ನೋಡಿದ್ದೇನೆಯೇ ಹೊರತು ಕೇಳಿದವಳಲ್ಲ. ಹುಟ್ಟಿನಿಂದಲೇ ನನಗೆ ಕಿವಿ ಕೇಳಿಸುವುದಿಲ್ಲ. ಬೇರೆಯವರ ಮಾತನ್ನು ತುಟಿ ನೋಡಿ ಓದಿಕೊಳ್ಳುತ್ತೇನೆ, ನನ್ನ ಮಾತನ್ನು ಕೈಸನ್ನೆಯಲ್ಲಿ ಆಡುತ್ತೇನೆ. ಹಗ್ಗದ ಕೆಲಸ ನನ್ನಂಥವರಿಗೇ ಬರುವುದು. ಗಂಟೆ ಕೇಳಿದವರ ಮೈ ಗಂಟೆಯ ಮಾತು ಕೇಳುತ್ತದೆ. ನನ್ನ ಮೈ ಯಾರ ಮಾತನ್ನೂ ಕೇಳುವುದಿಲ್ಲ, ಬಿಸಿಲಾದರೆ ತಾನೇ ಬೆವರುತ್ತದೆ, ಚಳಿಯಾದರೆ ತಾನೇ ನಡುಗುತ್ತದೆ. ಮೂಗಿನ ಕೆಳಗೆ ಬೆವರು ಮೂಡಿದರೆ ಬೆವರ್ಗಂಟೆ ಎಳೆಯುತ್ತೇನೆ, ನಾಲಗೆ ಒಣಗಿದರೆ ನೀರ್ಗಂಟೆ, ತೋಳಿನ ಕೂದಲು ನಿಮಿರಿದರೆ ನಡುಗಂಟೆ. ಒಂದು ಸಲ ಎಳೆದರೆ, ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಅದು ಊರಿನವರ ಮೈಯಲ್ಲಿ ನಿಲ್ಲುತ್ತದೆ. ನನಗಿಂತ ಮುಂಚೆ ಹಗ್ಗ ಹಿಡಿದಿದ್ದ ತಿಮ್ಮಕ್ಕ ನನಗೆ ಕೆಲಸ ಕಲಿಸುವಾಗ ತನ್ನ ಎದೆಯನ್ನು ಮುಟ್ಟಿ, ಎರಡು ಅಂಗೈಗಳನ್ನು ತಟ್ಟೆಯ ಹಾಗೆ ತೂಗಿ ತೋರಿಸಿದ್ದಳು. ಮೈಯೇ ತಕ್ಕಡಿ ಎಂದು ಅದರ ಅರ್ಥ. ಬೆವರ್ಗಂಟೆಯ ಬೆನ್ನಿಗೆ ನೀರ್ಗಂಟೆ ಎಳೆಯುವುದನ್ನು ಮರೆತರೆ ಊರು ಒಣಗಿ ಹೋಗುತ್ತದೆ ಎನ್ನುವುದೊಂದು ಬಿಟ್ಟರೆ, ಅವಳು ಕಲಿಸಿದ ಪಾಠ ಇಷ್ಟೇ.

ಊರಿನವರು ಇದಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಪ್ರತಿ ಮನೆಯ ಜಗಲಿಯ ಮೇಲೂ ಉಪ್ಪು ಹಾಕಿದ ಮಜ್ಜಿಗೆಯ ಮಡಕೆ ಇರುತ್ತದೆ. ನೀರ್ಗಂಟೆ ಆದಾಗ ಜಗಳವಾಡುತ್ತಿರುವವರೂ ಜಗಳ ನಿಲ್ಲಿಸಿ ಒಂದೇ ಮಡಕೆಯಿಂದ ಕುಡಿದು, ಆಮೇಲೆ ಬಿಟ್ಟ ಜಾಗದಿಂದ ಶುರು ಮಾಡುತ್ತಾರೆ. ನಡುಗಂಟೆ ಆಗುವ ಹೊತ್ತಿಗೆ ಕ್ಷೌರದವನು ಕತ್ತಿಯನ್ನು ಗಿರಾಕಿಯ ಕೆನ್ನೆಯಿಂದ ದೂರ ಹಿಡಿಯುತ್ತಾನೆ. ನನ್ನ ಗಂಡ ಮಾದೇಶ ದರ್ಜಿ, ಗಂಟೆಮನೆಯ ಕೆಳಗೇ ಅವನ ಅಂಗಡಿ. ಅವನು ಸೂಜಿಯನ್ನು ಮೇಲಕ್ಕೆತ್ತಿ ಕೈ ಕಟ್ಟಿಕೊಂಡು ನಡುಗಿ ಮುಗಿಸುತ್ತಾನೆ. ಎದುರಿನ ಬಯಲಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ದಸ್ತಗೀರ್ ಸಾಬರ ಕುಲುಮೆ. ದಿನಾ ಬೆಳಿಗ್ಗೆ ನಾನು ಕಿಟಕಿ ತೆರೆದ ಕೂಡಲೇ ಆ ಮುದುಕರು ಇಕ್ಕಳ ಎತ್ತಿ ನನಗೆ ಸಲಾಮು ಮಾಡುತ್ತಾರೆ. ಮಾಡುತ್ತಿದ್ದರು.

ಮಕ್ಕಳನ್ನು ಮಾತ್ರ ಹುಟ್ಟಿದ ಕೂಡಲೇ ಗಂಟೆಗೆ ಕೊಡುವುದಿಲ್ಲ. ತುಪ್ಪದಲ್ಲಿ ಅದ್ದಿದ ಹತ್ತಿಯನ್ನು ಕಿವಿಗಳಿಗೆ ಇಟ್ಟು, ಮೇಲೆ ಕುಲಾವಿ ಕಟ್ಟಿ ಬೆಳೆಸುತ್ತಾರೆ. ಹತ್ತನೆಯ ತಿಂಗಳಲ್ಲಿ ಒಂದು ಒಳ್ಳೆಯ ದಿನ ನೋಡಿ ಗಂಟೆಯ ಕೆಳಗೆ ಹತ್ತಿ ತೆಗೆಯುತ್ತಾರೆ. ಮೂರೂ ಗಂಟೆಗಳನ್ನು ಒಂದೊಂದು ಸಲ ಎಳೆದರೆ ಮುಗಿಯಿತು, ಮಗು ಊರಿನದಾಯಿತು. ಅದಾದ ಮೇಲೆ ಮತ್ತೆ ಹತ್ತಿ ಇಟ್ಟರೆ ಪ್ರಯೋಜನವಿಲ್ಲ. ಒಮ್ಮೆ ಗಂಟೆ ಕೇಳಿದ ಮೈ ಆಮೇಲೆ ತಾನಾಗಿ ಬೆವರುವುದನ್ನೂ ನಡುಗುವುದನ್ನೂ ಮರೆತುಬಿಡುತ್ತದೆ.

ನನ್ನ ಮಗಳು ನೀಲಾಳ ಹತ್ತಿ ತೆಗೆಯುವುದನ್ನು ನಾನು ಹದಿನಾಲ್ಕನೆಯ ತಿಂಗಳವರೆಗೂ ಮುಂದೂಡಿದೆ. ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಮನೆಯೊಳಗೆ, ಗಂಟೆ ಇಲ್ಲದ ಹೊತ್ತಿನಲ್ಲಿ ಒಂದು ಚೂರು ಹತ್ತಿ ಸಡಿಲಿಸಿದರೆ ಅಪ್ಪನ ಸದ್ದಿಗೆ ತಿರುಗುತ್ತಿದ್ದಳು. ಊರಿನ ಎಲ್ಲ ಮಕ್ಕಳ ಹತ್ತಿಯನ್ನು ನಗುನಗುತ್ತಾ ತೆಗೆಸಿದವಳು ನಾನು, ನನ್ನ ಮಗುವಿನ ಸರದಿ ಬಂದಾಗ ಕೈ ಹಿಂದೆಗೆಯಿತು. ಅವಳ ಮೈ ಅವಳದೇ ಆಗಿ ಇನ್ನೊಂದು ದಿನ ಇರಲಿ ಅನ್ನಿಸುತ್ತಿತ್ತು. ನನ್ನ ಅತ್ತೆ ಪುಟ್ಟನಂಜಮ್ಮ ಒಂದು ದಿನ ನನ್ನ ಗಲ್ಲ ಹಿಡಿದು ತನ್ನ ಮುಖದ ಕಡೆ ತಿರುಗಿಸಿಕೊಂಡು, ನಾನು ಓದಲೆಂದೇ ನಿಧಾನವಾಗಿ ಹೇಳಿದರು.

"ಎಷ್ಟು ದಿನ ಅಂತ ಕೂಸಿನ ಕಿವೀಲಿ ಹತ್ತಿ ತುರುಕಿರ್ತೀಯವ್ವ? ಮಾತು ಕೇಳ್ದೆ ಮಾತು ಹೆಂಗೆ ಬಂದಾತು? ನಿನಗಿಲ್ದೆ ಇರೋದು ಅದಕ್ಕಾದ್ರೂ ಬೇಡ್ವ?"

ನನ್ನ ಮಗಳು ಮಾತಾಡಬೇಕು ಎನ್ನುವ ಆಸೆ ನನಗೆ ಎಲ್ಲರಿಗಿಂತ ಹೆಚ್ಚಾಗಿಯೇ ಇತ್ತು. ಒಂದು ಗುರುವಾರ ಅವಳನ್ನು ಗಂಟೆಯ ಕೆಳಗೆ ಅಪ್ಪನ ತೊಡೆಯ ಮೇಲೆ ಕೂರಿಸಿ, ಹತ್ತಿ ತೆಗೆದು, ನಾನೇ ಮೂರೂ ಹಗ್ಗ ಎಳೆದೆ. ನಡುಗಂಟೆಗೆ ಅವಳ ಪುಟ್ಟ ಭುಜಗಳು ನಡುಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆಮೇಲೆ ತೆಗೆದ ಹತ್ತಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೆ.

ಅದಾಗಿ ನಾಲ್ಕನೆಯ ದಿನ, ಸೋಮವಾರ. ನಡುಬೇಸಿಗೆ. ಬೆಳಿಗ್ಗೆ ಗಂಟೆಮನೆಯ ಮೆಟ್ಟಿಲು ಹತ್ತುವಾಗಲೇ ಮೊಣಕಾಲು ನೋಯುತ್ತಿತ್ತು. ಕಿಟಕಿ ತೆರೆದೆ, ದಸ್ತಗೀರ್ ಸಾಬರು ಇಕ್ಕಳ ಎತ್ತಿದರು, ನಾನು ಕೈ ಎತ್ತಿದೆ. ಎತ್ತಿದ ಕೈಯ ಕೂದಲು ನಿಮಿರಿ ನಿಂತಿತ್ತು. ಬೆನ್ನಿನ ಮೇಲೆ ಯಾರೋ ಒದ್ದೆ ಬಟ್ಟೆ ಎಳೆದ ಹಾಗೆ ಚಳಿ ಇಳಿಯಿತು. ಎಲ್ಲಿಂದಲೋ ಕುಳಿರ್ಗಾಳಿ ಬಂದಿದೆ ಅಂದುಕೊಂಡೆ. ಬೇಸಿಗೆಯಲ್ಲಿ ಚಳಿಯೇ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಹದಿನೇಳು ವರ್ಷ ಈ ಮೈಯನ್ನು ನಂಬಿ ಹಗ್ಗ ಎಳೆದವಳು ಹದಿನೆಂಟನೆಯ ವರ್ಷ ಯಾಕೆ ಯೋಚಿಸುತ್ತಾಳೆ. ನಡುಗಂಟೆ ಎಳೆದೆ.

ಬೀದಿಯಲ್ಲಿ ಜನ ನಿಂತಲ್ಲೇ ನಡುಗಿದರು. ಹೆಂಗಸರು ಸೆರಗು ಬಿಗಿಯಾಗಿ ಹೊದ್ದುಕೊಂಡರು. ನನ್ನ ಚಳಿ ಮಾತ್ರ ಕಡಿಮೆಯಾಗಲಿಲ್ಲ. ಸಾಮಾನ್ಯವಾಗಿ ಒಂದು ಎಳೆತ ಮುಗಿಯುವಷ್ಟರಲ್ಲಿ ಬಿಸಿಲೇರಿ ನನ್ನ ಮೈಯೂ ಸರಿಹೋಗುತ್ತದೆ. ಆ ದಿನ ಹಲ್ಲು ಕಟಕಟ ಅನ್ನತೊಡಗಿತು. ಎರಡನೆಯ ಸಲ ಎಳೆದೆ. ಜನ ಮನೆಯೊಳಗಿಂದ ಕಂಬಳಿ ತಂದರು. ಕೆಲವರು ಬೀದಿಯಲ್ಲೇ ತೆಂಗಿನ ಸಿಪ್ಪೆ ಗುಡ್ಡೆ ಹಾಕಿ ಬೆಂಕಿ ಹಚ್ಚಿ ಸುತ್ತ ಕೂತರು. ದಸ್ತಗೀರ್ ಸಾಬರು ಕುಲುಮೆಗೆ ಇನ್ನಷ್ಟು ಇದ್ದಿಲು ಸುರಿದು ಅದರ ಬಾಯಿಗೇ ಹತ್ತಿರವಾಗಿ ಕುಳಿತುಕೊಂಡರು. ಎಲ್ಲರೂ ನನ್ನ ಹಾಗೆಯೇ ನಡುಗುತ್ತಿದ್ದರು, ಹಾಗಾಗಿ ನನಗೆ ಒಂದು ಬಗೆಯ ಸಮಾಧಾನವೂ ಆಯಿತು. ನಾನು ಸರಿಯಾಗಿಯೇ ಎಳೆಯುತ್ತಿದ್ದೇನೆ ಅಂದುಕೊಂಡೆ. ಮೂರನೆಯ ಸಲ ಎಳೆದೆ.

ಹೊತ್ತು ನೆತ್ತಿಗೆ ಬಂದಾಗ ಮಾದೇಶ ಮೇಲೆ ಬಂದ. ಮೈತುಂಬ ಕಂಬಳಿ, ಕಂಕುಳಲ್ಲಿ ನೀಲಾ. ಅವನ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ತುಟಿಗಳು ಒಡೆದಿದ್ದವು. ಅವನು ಏನೋ ಹೇಳಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವನ ತುಟಿಗಳು ಎಷ್ಟು ನಡುಗುತ್ತಿದ್ದವೆಂದರೆ, ಓದುವುದಕ್ಕೆ ಅಲ್ಲಿ ಮಾತೇ ಉಳಿದಿರಲಿಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನು ಅವನೆದುರು ನಿಜವಾಗಿ ಕಿವುಡಿಯಾದೆ. ಆಗ ಅವನು ಕೈಯಲ್ಲಿ ಹೇಳಿದ. ಮಗು ಹಾಲು ಕುಡಿಯುತ್ತಿಲ್ಲ. ಅಮ್ಮ ಮಲಗಿದವರು ಏಳುತ್ತಿಲ್ಲ. ಚಳಿ ತಡೆಯಲು ಆಗುತ್ತಿಲ್ಲ, ಇನ್ನೊಂದು ಸಲ ನಡುಗಂಟೆ ಎಳಿ.

ನಾನು ಮೊದಲು ಮಗುವನ್ನು ತೆಗೆದುಕೊಂಡೆ. ಅವಳು ಅಳುತ್ತಿರಲಿಲ್ಲ. ಕೈಕಾಲು ಸಣ್ಣಗೆ ಅದುರುತ್ತಿದ್ದವು. ಅವಳ ಹಣೆಯ ಮೇಲೆ ಕೈಯಿಟ್ಟು ನೋಡಿದೆ. ಹದವಾಗಿತ್ತು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ನನ್ನ ಕೈಯಷ್ಟೇ ಇತ್ತು. ಅಂದಮೇಲೆ ಜ್ವರವಲ್ಲ, ಬರೀ ಚಳಿ ಅಂತ ತೀರ್ಮಾನಿಸಿದೆ. ಆ ತೀರ್ಮಾನ ನೆನಪಾದರೆ ಈಗಲೂ ನನ್ನ ಈ ಕೈಯನ್ನು ಯಾರಾದರೂ ಕಡಿದು ಹಾಕಲಿ ಅನ್ನಿಸುತ್ತದೆ.

ಚಳಿ ಹಿಡಿದ ಮಗುವಿನ ಎದೆಗೂ ಅಂಗಾಲಿಗೂ ಕೊಬ್ಬರಿ ಎಣ್ಣೆ ತಿಕ್ಕಬೇಕು. ಗಂಟೆಯ ರಾಟೆಗೆ ಹಚ್ಚಲು ಇಟ್ಟಿದ್ದ ಎಣ್ಣೆಯ ಬಾಟಲಿ ಗೋಡೆಯ ಗೂಡಿನಲ್ಲಿತ್ತು. ಚಳಿಗಾಲದಲ್ಲಿ ಅದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಕಡ್ಡಿ ಹಾಕಿ ಮೀಟಿ ತೆಗೆಯಬೇಕು. ನಾನು ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು, ಬಾಟಲಿಯ ಬಾಯಿ ಬಿಚ್ಚಿ, ಅಂಗೈಗೆ ಬಗ್ಗಿಸಿದೆ.

ಎಣ್ಣೆ ನೀರಿನ ಹಾಗೆ ಸುರಿಯಿತು. ಅಂಗೈ ತುಂಬಿ, ಮುಂಗೈಗೆ ಹರಿದು, ಸೀರೆಯ ಮೇಲೆ ಬಿತ್ತು. ಕಡ್ಡಿ ಇನ್ನೊಂದು ಕೈಯಲ್ಲಿ ಹಾಗೇ ಇತ್ತು.

ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ತಳದವರೆಗೂ ತಿಳಿಯಾಗಿತ್ತು. ಗೂಡಿಗೆ ಬಿಸಿಲು ಬೀಳುವುದಿಲ್ಲ, ಹತ್ತಿರದಲ್ಲಿ ಒಲೆಯಿಲ್ಲ. ಕಿಟಕಿಗೆ ಹೋಗಿ ಬೀದಿಯನ್ನು ನೋಡಿದೆ, ಈ ಸಲ ಜನರನ್ನು ಬಿಟ್ಟು ಮಿಕ್ಕದ್ದನ್ನು. ಚರಂಡಿಯ ಕೆಸರಿನಲ್ಲಿ ನಾಯಿಯೊಂದು ಹೊಟ್ಟೆ ಅದ್ದಿಕೊಂಡು ಮಲಗಿ, ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. ದಸ್ತಗೀರ್ ಸಾಬರ ಸೂರಿನ ಮೇಲೆ ಕಾಗೆಯೊಂದು ಕೊಕ್ಕು ತೆರೆದುಕೊಂಡೇ ಕೂತಿತ್ತು. ನಾಯಿಗೂ ಕಾಗೆಗೂ ಗಂಟೆಯ ಹಂಗಿಲ್ಲ. ಅವುಗಳ ನಡುವೆ, ಉರಿಬಿಸಿಲಿನಲ್ಲಿ, ಕಂಬಳಿ ಹೊದ್ದ ನನ್ನ ಊರು ಬೆಂಕಿ ಕಾಯಿಸಿಕೊಳ್ಳುತ್ತಿತ್ತು.

ಹೆದರಿಕೆ ಅಂದರೆ ಏನು ಅಂತ ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಜ್ವರ ಬಂದಿದ್ದು ನನಗೆ. ಜ್ವರ ಏರುವವಳಿಗೆ ಚಳಿಯಾಗುತ್ತದೆ, ಸುಡುವ ಮೈಯೇ ಇನ್ನೂ ಸಾಲದು ಅಂತ ನಡುಗುತ್ತದೆ. ಆ ಸುಳ್ಳು ಚಳಿಯನ್ನು ನಾನು ಮೂರು ಸಲ ಊರಿನ ಮೈಗೆ ಹಾಕಿದ್ದೆ. ಮಗುವಿನ ಹಣೆ ಹದವಾಗಿದ್ದದ್ದು ಅದು ನನ್ನಷ್ಟೇ ಸುಡುತ್ತಿದ್ದುದರಿಂದ. ತಕ್ಕಡಿಯೇ ವಾಲಿಕೊಂಡರೆ ಏನು ಮಾಡಬೇಕು ಅಂತ ತಿಮ್ಮಕ್ಕ ಹೇಳಿಕೊಟ್ಟಿರಲಿಲ್ಲ. ಬಹುಶಃ ಅವಳಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಮಗುವನ್ನು ಚಾಪೆಯ ಮೇಲೆ ಮಲಗಿಸಿ ಬೆವರ್ಗಂಟೆಯ ಹಗ್ಗಕ್ಕೆ ಕೈ ಹಾಕಿದೆ. ಮಾದೇಶ ಒಂದೇ ನೆಗೆತಕ್ಕೆ ಬಂದು ನನ್ನ ಎರಡೂ ಮಣಿಕಟ್ಟು ಹಿಡಿದುಕೊಂಡ. ಮಣಿಕಟ್ಟು ಹಿಡಿದರೆ ನನ್ನ ಬಾಯಿ ಕಟ್ಟಿದ ಹಾಗೆ. ಮೂರನೆಯ ಎಳೆತದ ನಡುಕ ಅಷ್ಟರಲ್ಲಿ ಸ್ವಲ್ಪ ಇಳಿದಿತ್ತು, ಅವನ ತುಟಿ ಓದಲು ಬಂತು.

"ನಿಂಗೆ ಹುಚ್ಚು ಹಿಡೀತಾ ತಾಯಿ? ಈ ಚಳೀಲಿ ಬೆವರಿಸಿದ್ರೆ ಜನ ಉಳೀತಾರಾ? ನಿನ್ನ ಮೈ ನೀನೇ ನೋಡ್ಕೋ, ಹೆಂಗೆ ನಡುಗ್ತಿದೀಯ."

ನೋಡಿಕೊಂಡೆ. ನನ್ನ ತೋಳಿನ ಕೂದಲು ನಿಮಿರಿಯೇ ಇತ್ತು. ನನ್ನ ಎಲುಬುಗಳೆಲ್ಲ ಅವನ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದವು. ಒಂದು ಕೈ ಬಿಡಿಸಿಕೊಂಡು ಬಾಟಲಿ ತೋರಿಸಿದೆ. ಅಲ್ಲಾಡಿಸಿ ತೋರಿಸಿದೆ.

"ಎಣ್ಣೆಗೇನು ಗೊತ್ತು?" ಅಂದ. "ನೀನು ಹೇಳ್ಬೇಕು, ನಾವು ಕೇಳ್ಬೇಕು. ಎಣ್ಣೆ ಮಾತು ಕೇಳ್ಕೊಂಡು ಊರು ಬದುಕ್ತದಾ? ನಡುಗಂಟೆ ಎಳಿ ತಾಯಿ, ನಿನ್ನ ಕಾಲು ಹಿಡ್ಕೋತೀನಿ."

ಅವನು ಒಳ್ಳೆಯವನು. ಅವನ ಕಣ್ಣಿನಲ್ಲಿ ನನ್ನ ಮೇಲಿದ್ದ ನಂಬಿಕೆ ಕಂಡು ನನಗೆ ಕೂಗಬೇಕು ಅನ್ನಿಸಿತು. ನನ್ನನ್ನು ನಂಬಬೇಡ ಅನ್ನುವುದಕ್ಕೆ ನನಗೆ ಒಂದು ಸನ್ನೆಯೂ ಸಿಗಲಿಲ್ಲ. ನಮ್ಮ ಕೈಮಾತಿನಲ್ಲಿ ಆ ಮಾತು ಯಾವತ್ತೂ ಬೇಕಾಗಿಯೇ ಇರಲಿಲ್ಲ.

ಅಷ್ಟರಲ್ಲಿ ನೀಲಾಳ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಬೆನ್ನು ಬಿಲ್ಲಾಯಿತು, ಮುಷ್ಟಿಗಳು ಬಿಗಿದವು, ಮೈಯೆಲ್ಲ ಸೆಟೆದು ಹೋಯಿತು. ಮಾದೇಶ ನನ್ನನ್ನು ಬಿಟ್ಟು ಅವಳ ಕಡೆ ಓಡಿದ. ನಾನು ಹಗ್ಗದ ಕಡೆ ಓಡಿದೆ. ತಾಯಾದವಳು ಮಗುವಿನ ಕಡೆ ಓಡಬೇಕಿತ್ತು ಅಂತ ಯಾರಾದರೂ ಅಂದರೆ ಅನ್ನಲಿ. ಇಡೀ ಮೈಯ ಭಾರ ಹಾಕಿ ಬೆವರ್ಗಂಟೆ ಎಳೆದೆ. ಅದರ ಸದ್ದು ಹಲಗೆಯ ಮೂಲಕ ನನ್ನ ಅಂಗಾಲಿಗೆ ಬಂತು.

ಆಮೇಲೆ ಕಾಯಬೇಕು. ಆ ಕಾಯುವಿಕೆಯನ್ನು ನಾನು ಯಾರಿಗೂ ಬಯಸುವುದಿಲ್ಲ. ಎಣ್ಣೆ ಸುಳ್ಳು ಹೇಳಿ ನನ್ನ ಮೈಯೇ ನಿಜ ಹೇಳುತ್ತಿದ್ದರೆ, ನಾನು ನನ್ನ ಕೈಯಾರೆ ಮಗುವನ್ನು ಹೆಪ್ಪುಗಟ್ಟಿಸುತ್ತಿದ್ದೆ. ಮಂಡಿಯೂರಿ ಅವಳ ಮುಖಕ್ಕೆ ಮುಖ ಕೊಟ್ಟು ನೋಡುತ್ತಾ ಕೂತೆ. ಮುಟ್ಟಲಿಲ್ಲ, ಮುಟ್ಟುವ ಕೈಯ ಮೇಲೆ ನಂಬಿಕೆ ಹೋಗಿತ್ತು. ಬಹಳ ಹೊತ್ತಾದ ಮೇಲೆ, ಅಥವಾ ನನಗೆ ಹಾಗನ್ನಿಸಿದ ಮೇಲೆ, ಅವಳ ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಒಂದು ಹನಿ ಮೂಡಿತು. ಆಮೇಲೆ ಹಣೆಯ ಮೇಲೆ ಸಾಲಾಗಿ. ಮುಷ್ಟಿ ಬಿಚ್ಚಿತು. ನಾನು ಎದ್ದು ನೀರ್ಗಂಟೆ ಎಳೆದೆ. ಅವಳು ಬಾಯಿ ತೆರೆದು ಹಾಲಿಗೆ ಹುಡುಕಿದಳು. ಮಾದೇಶ ಅವಳನ್ನು ನನ್ನ ಎದೆಗೆ ಕೊಟ್ಟು, ಗೋಡೆಗೆ ಒರಗಿ, ಕಂಬಳಿ ಕಿತ್ತೆಸೆದು, ಚೊಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದ.

ಸಂಜೆಯವರೆಗೂ ಹೀಗೆಯೇ ನಡೆಯಿತು. ನನಗೆ ಚಳಿ ಹೆಚ್ಚಾದಷ್ಟೂ ನಾನು ಬೆವರ್ಗಂಟೆ ಎಳೆದೆ. ಒಂದೊಂದು ಎಳೆತಕ್ಕೂ ನನ್ನ ತಲೆಯ ಮೇಲೆ ನಾನೇ ತಣ್ಣೀರು ಸುರಿದುಕೊಂಡ ಹಾಗಾಗುತ್ತಿತ್ತು. ಬೆವರು, ನೀರು, ಬೆವರು, ನೀರು. ಯಾವಾಗ ನಿಲ್ಲಿಸಬೇಕು ಅಂತ ನನ್ನ ಮೈಯನ್ನು ಕೇಳುವ ಹಾಗಿರಲಿಲ್ಲ, ಹಾಗಾಗಿ ಮಗುವಿನ ಎದೆ ಏರಿಳಿಯುವುದನ್ನು ಎಣಿಸಿದೆ. ಅದು ನಿಧಾನವಾದಾಗ ನಿಲ್ಲಿಸಿದೆ, ಅವಸರವಾದಾಗ ಎಳೆದೆ. ಹೊತ್ತು ಮುಳುಗುವ ಮುಂಚೆ ನನ್ನ ಜ್ವರ ಇಳಿದು, ನನ್ನ ಮೂಗಿನ ಕೆಳಗೂ ಬೆವರು ಬಂತು. ಕೈಯೊರೆಸಿಕೊಂಡು ಅವಳ ಹಣೆ ಮುಟ್ಟಿದೆ. ತಣ್ಣಗಿತ್ತು. ಆಗ ನನಗೆ ಅಳು ಬಂತು.

ಕಿಟಕಿಯಿಂದ ನೋಡಿದರೆ ಬೀದಿಯ ತುಂಬ ಬಿಚ್ಚಿ ಬಿಸಾಕಿದ ಕಂಬಳಿಗಳು. ಜನ ಮಜ್ಜಿಗೆಯ ಮಡಕೆಗಳ ಸುತ್ತ ಕೂತಿದ್ದರು. ಪುಟ್ಟನಂಜಮ್ಮನವರು ಎದ್ದು ಜಗಲಿಗೆ ಬಂದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ದಸ್ತಗೀರ್ ಸಾಬರು ಮಾತ್ರ ಕುಲುಮೆಯ ಮುಂದೆ ಕೂತವರು ಕೂತ ಹಾಗೆಯೇ ಪಕ್ಕಕ್ಕೆ ವಾಲಿದ್ದರು. ಇಕ್ಕಳ ಕೈಯಲ್ಲೇ ಇತ್ತು.

ಮಾರನೆಯ ದಿನ ನಾನು ಊರಿನವರನ್ನೆಲ್ಲ ಗಂಟೆಮನೆಯ ಮುಂದೆ ಸೇರಿಸಿದೆ. ತಪ್ಪು ನನ್ನದು, ಜ್ವರ ಬಂದಿದ್ದು ನನಗೆ, ನಿನ್ನೆ ಚಳಿಯೇ ಇರಲಿಲ್ಲ ಅಂತ ಕೈಯಲ್ಲಿ ಹೇಳಿದೆ. ಮಾದೇಶ ಅದನ್ನು ಬಾಯಲ್ಲಿ ಹೇಳಬೇಕಿತ್ತು. ಅವನು ನನ್ನ ಕೈಗಳನ್ನು ನೋಡಿದ, ಜನರನ್ನು ನೋಡಿದ, ಆಮೇಲೆ ತುಟಿ ಆಡಿಸಿದ. ಅವನು ಏನು ಹೇಳಿದ ಅಂತ ಓದಿದೆ.

"ನಿನ್ನೆ ಚಳಿಗೆ ಅವಳಿಗೆ ಜ್ವರ ಬಂತಂತೆ."

ಜನ ತಲೆದೂಗಿದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಅತ್ತೆ ನನ್ನ ಕೆನ್ನೆ ಸವರಿದರು.

"ಅಂಥ ಚಳಿ ನಾನು ಹುಟ್ಟಿದ ಮೇಲೆ ಕಂಡಿಲ್ಲ ಕಣವ್ವ. ಆ ಸಾಬ್ರನ್ನ ಬಲಿ ತಗೊಂಡೇಬಿಡ್ತು. ನೀನು ಮೂರು ಸಲ ನಡುಗಂಟೆ ಎಳ್ದಿದ್ದಕ್ಕೆ ನಾವು ಉಳ್ಕೊಂಡೊ."

ನಾನು ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು. ಮನೆಗೆ ಬಂದ ಮೇಲೆ ಮಾದೇಶನ ಮುಂದೆ ಬಾಟಲಿ ಇಟ್ಟೆ. ಅವನು ಅದನ್ನು ನೋಡದೆ ಹೇಳಿದ, "ಅದನ್ನ ಬೆಳಿಗ್ಗೆ ನಾನೇ ಒಲೆ ಹತ್ರ ಇಟ್ಟಿದ್ದೆ ಅನ್ಸುತ್ತೆ." ಆ ಬಾಟಲಿ ಆರು ತಿಂಗಳಿಂದ ಗಂಟೆಮನೆ ಬಿಟ್ಟು ಕೆಳಗೆ ಇಳಿದಿರಲಿಲ್ಲ. ಅವನು ಸುಳ್ಳು ಹೇಳುವವನಲ್ಲ. ಅವನಿಗೆ ಹಾಗೆ ನೆನಪಿರುವುದು ಅಗತ್ಯವಾಗಿತ್ತು, ಇಲ್ಲದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಅವನು ಎಚ್ಚರವಾಗಿ ಕಳೆಯಬೇಕಾದ ರಾತ್ರಿಗಳನ್ನೂ ಸೇರಿಸಿ ನಾನೇ ಎದ್ದಿರತೊಡಗಿದೆ.

ಇದೆಲ್ಲ ಆಗಿ ಮೂರು ವರ್ಷವಾಯಿತು. ಆ ದಿನವನ್ನು ಊರಿನವರು ಈಗಲೂ ದೊಡ್ಡ ಚಳಿಯ ದಿನ ಅಂತಲೇ ಕರೆಯುತ್ತಾರೆ. ಹಗ್ಗ ಹಿಡಿಯಲು ಬೇರೆ ಕಿವುಡರು ಊರಿನಲ್ಲಿಲ್ಲ, ಬಿಟ್ಟು ಓಡಿಹೋಗಲು ನನಗೆ ಧೈರ್ಯವಿಲ್ಲ. ಬಾಟಲಿಯನ್ನು ಕಿಟಕಿಯ ನೆರಳಿನಲ್ಲಿ, ಹಗ್ಗಗಳ ಪಕ್ಕ ಇಟ್ಟಿದ್ದೇನೆ. ಅದು ಹೇಳುವುದೂ ಅಷ್ಟಕ್ಕಷ್ಟೇ. ಹೆಪ್ಪುಗಟ್ಟಿದರೆ ಚಳಿ ಅಂತ ಹೇಳುತ್ತದೆ, ಕರಗಿದ ಮೇಲೆ ಎಷ್ಟು ಸೆಕೆ ಅಂತ ಕೇಳಿದರೆ ಸುಮ್ಮನಿರುತ್ತದೆ. ಅದಕ್ಕೇ ನಾಯಿಯನ್ನು ನೋಡುತ್ತೇನೆ, ಕಾಗೆಯ ಕೊಕ್ಕನ್ನು ನೋಡುತ್ತೇನೆ, ಎದುರಿನ ಖಾಲಿ ಕುಲುಮೆಯನ್ನೂ ಒಮ್ಮೆ ನೋಡುತ್ತೇನೆ. ನನ್ನ ತೋಳಿನ ಕೂದಲನ್ನು ನೋಡುವುದು ಎಲ್ಲಕ್ಕಿಂತ ಕೊನೆಗೆ.

ನೀಲಾ ಚೆನ್ನಾಗಿ ಮಾತಾಡುತ್ತಾಳೆ. ಬಾಯಲ್ಲೂ ಕೈಯಲ್ಲೂ ಒಟ್ಟಿಗೆ ಆಡುತ್ತಾಳೆ, ಹಾಗಾಗಿ ಅವಳ ಮಾತು ನನಗೆ ಎರಡೆರಡು ಸಲ ಸಿಗುತ್ತದೆ. ಬೆಳಿಗ್ಗೆ ನಾನು ಮೆಟ್ಟಿಲು ಹತ್ತಲು ಹೊರಟರೆ ಸೆರಗು ಹಿಡಿದುಕೊಂಡು, ಊರಿನ ಎಲ್ಲ ಮಕ್ಕಳೂ ತಮ್ಮ ತಾಯಂದಿರನ್ನು ಕೇಳುವುದನ್ನೇ ಕೇಳುತ್ತಾಳೆ.

"ಅಮ್ಮಾ, ನಂಗೀಗ ಚಳಿ ಆಗ್ತಿದ್ಯಾ?"

ಬೇರೆ ತಾಯಂದಿರು ಗಂಟೆಮನೆಯ ಕಡೆ ಬೆರಳು ತೋರಿಸಿ, ತಡಿ, ಹಗ್ಗದಕ್ಕ ಹೇಳ್ತಾಳೆ ಅನ್ನುತ್ತಾರೆ. ನಾನು ಯಾರ ಕಡೆ ಬೆರಳು ತೋರಿಸಲಿ. ನೋಡಿ ಬಂದು ಹೇಳುತ್ತೇನೆ ಅಂತ ಸನ್ನೆ ಮಾಡಿ ಮೇಲೆ ಹತ್ತುತ್ತೇನೆ. ಬಾಟಲಿಯನ್ನು ಎತ್ತಿ, ಅಲ್ಲಾಡಿಸಿ, ಬೆಳಕಿಗೆ ಹಿಡಿಯುತ್ತೇನೆ. ಕೆಳಗೆ ಮೆಟ್ಟಿಲ ಬುಡದಲ್ಲಿ ನನ್ನ ಮಗಳು ಕತ್ತೆತ್ತಿ ಕಾಯುತ್ತಿರುತ್ತಾಳೆ, ತನಗೆ ಏನಾಗುತ್ತಿದೆ ಅಂತ ನಾನು ಹೇಳಲಿ ಎಂದು.